ಆಮೆನ್ ಆಗುವವರೆಗೆ

ಪ್ರಾರ್ಥನೆ ನಡೆಯುವಾಗ ನ್ಯೂ ಗಿಲ್ಯಾಡ್ ಚರ್ಚಿನ ಬಾಗಿಲು ಯಾರಿಗೂ ತೆರೆಯುವುದಿಲ್ಲ. ಮೇಯರ್ ಬರಲಿ, ಮೇಯರನ್ನು ಹೆತ್ತವರು ಬರಲಿ, ಆಮೆನ್ ಆಗುವವರೆಗೆ ಮೆಟ್ಟಿಲ ಮೇಲೆಯೇ. ಒಂದು ಸಲ ಪಾದ್ರಿ ಸ್ಟೋಕ್ಸ್ ಅವರೇ ತಡವಾಗಿ ಬಂದು, ಒಳಗೆ ಹಿರಿಯರೊಬ್ಬರು ಪ್ರಾರ್ಥನೆ ಶುರುಮಾಡಿಬಿಟ್ಟಿದ್ದರಿಂದ, ಟೋಪಿ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತಿದ್ದರು. ನಿಲ್ಲಿಸಿದವಳು ವರ್ನೀಸ್ ಟಿಲ್‌ಮನ್, ಬಾಗಿಲ ಸೇವೆಯವರ ಮುಖ್ಯಸ್ಥೆ. ಆಮೇಲೆ ಪಾದ್ರಿಗಳು ಗೊಣಗಿದಾಗ, "ದೇವರ ಜೊತೆ ಮಾತಾಡ್ತಿರೋರ ಮಧ್ಯೆ ನುಗ್ಗೋಕೆ ನೀವೇನು ದೇವರಿಗಿಂತ ದೊಡ್ಡೋರಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ್ದಳು.

ಆ ಸೇವೆಗೊಂದು ನಿಲುವಿದೆ. ಕಪ್ಪು ಸೂಟು, ಬಿಳಿ ಕೈಗವಸು. ಎಡಗೈ ಮುಷ್ಟಿ ಕಟ್ಟಿ ಬೆನ್ನ ಹಿಂದೆ, ಸೊಂಟದ ಮೇಲೆ. ಬಾಯಿಗೆ ಕೆಲಸವಿಲ್ಲ, ಮಾತೆಲ್ಲ ಬಲಗೈಯದು. ಎರಡು ಬೆರಳು ಎತ್ತಿದರೆ ಎರಡು ಜಾಗ ಖಾಲಿ ಇದೆ ಎಂದು, ಅಂಗೈ ಎತ್ತಿದರೆ ಅಲ್ಲೇ ನಿಲ್ಲಿ ಎಂದು. ವರ್ನೀಸ್ ಇದನ್ನು ತಾಯಿಯಿಂದ ಕಲಿತಳು. ತಾಯಿ ತೀರಿಕೊಂಡ ಮೇಲೆ ತಮ್ಮ ಲೂಷಿಯಸ್‌ಗೆ ಕಲಿಸಿದಳು. ಅವನಿಗಾಗ ಹಾಲುಹಲ್ಲು ಬೀಳುವ ವಯಸ್ಸು. ಎಡಗೈ ಜಾರಿದರೆ ಹಾಡಿನ ಪುಸ್ತಕದಿಂದ ಮಣಿಕಟ್ಟಿಗೆ ಒಂದು ಬೀಳುತ್ತಿತ್ತು. ಈಗ ಲೂಷಿಯಸ್ ನಲವತ್ತು ದಾಟಿದ ಗಂಡಸು, ಶಾಲಾ ಬಸ್ಸುಗಳ ಮೆಕ್ಯಾನಿಕ್ಕು. ಬಾಗಿಲು ತುಂಬುವ ಮೈ, ಪಕ್ಕದವರಿಗೂ ಕೇಳಿಸದ ದನಿ. ಯೋಚನೆಗೆ ಬಿದ್ದರೆ ಎಡಗೈ ತಾನಾಗಿ ಹಿಂದೆ ಹೋಗುತ್ತಿತ್ತು, ಹೆದರಿದರೂ ಹೋಗುತ್ತಿತ್ತು. ಗ್ಯಾರೇಜಿನಲ್ಲಿ ಹುಡುಗರು ನಕ್ಕರೆ, "ನಮ್ಮಕ್ಕ ಎಲ್ಲೋ ನೋಡ್ತಿದಾಳೆ ಕಣ್ರೋ" ಎನ್ನುತ್ತಿದ್ದ.

ಆ ಭಾನುವಾರ ಯಾರೋ ಪೊಲೀಸರಿಗೆ ಫೋನು ಮಾಡಿದ್ದರು. ಮೂಲೆ ಅಂಗಡಿಯ ಹತ್ತಿರ ಕಪ್ಪು ಸೂಟಿನ ಕರಿಯನೊಬ್ಬ ಪಿಸ್ತೂಲು ಹಿಡಿದು ಓಡಾಡುತ್ತಿದ್ದಾನಂತೆ. ಕಾರ್ವರ್ ಬೆಂಡ್ ಊರಿನ ಕೆಳಪೇಟೆಯಲ್ಲಿ ಭಾನುವಾರ ಬೆಳಗ್ಗೆ ಕಪ್ಪು ಸೂಟು ತೊಡದ ಕರಿಯರನ್ನು ಹುಡುಕುವುದೇ ಕಷ್ಟ. ಆ ಪಿಸ್ತೂಲಾಗಲಿ, ಅದನ್ನು ಹಿಡಿದವನಾಗಲಿ ಕೊನೆಗೂ ಸಿಗಲಿಲ್ಲ. ಪೊಲೀಸರಿಗೆ ಸಿಕ್ಕವನು ಲೂಷಿಯಸ್.

ಎಲ್ಲರ ಕಣ್ಣು ಮುಚ್ಚಿರುವಾಗ ಕಣ್ಣು ತೆರೆದಿರಬೇಕಾದವರು ಬಾಗಿಲ ಸೇವೆಯವರು ಮಾತ್ರ. ಹಾಗಾಗಿ ಮೊದಲಿಂದ ನೋಡಿದವಳು ವರ್ನೀಸ್. ಅವಳು ನಡುದಾರಿಯ ಕೊನೆಯಲ್ಲಿದ್ದಳು. ಗಾಜಿನ ಬಾಗಿಲಾಚೆ ತಮ್ಮನ ಬೆನ್ನು ಕಾಣುತ್ತಿತ್ತು, ಬೆನ್ನ ಮೇಲೆ ಬಿಳಿ ಮುಷ್ಟಿ. ಅದರಾಚೆ ಹೋಲ್ಕಂ ಎಂಬ ಪೊಲೀಸಿನವನು ಪಿಸ್ತೂಲು ಚಾಚಿಕೊಂಡು ಮೆಟ್ಟಿಲು ಹತ್ತುತ್ತಿದ್ದ, ಅವನ ಹಿಂದೆ ಇನ್ನೊಬ್ಬ.

"ಕೈ ತೋರ್ಸು! ಎರಡೂ ಕೈ!"

ಲೂಷಿಯಸ್‌ನ ಬಲ ಅಂಗೈ ಮೇಲೆದ್ದಿತು. ಮೇಯರನ್ನೂ ಪಾದ್ರಿಯನ್ನೂ ನಿಲ್ಲಿಸುವ ಅದೇ ಅಂಗೈ. "ಪ್ರಾರ್ಥನೆ ನಡೀತಿದೆ ಸಾಹೇಬ್ರೇ," ಎಂದ ಮೆಲ್ಲಗೆ, "ಆಮೆನ್ ಆಗ್ಲಿ."

ಅಷ್ಟು ಮೃದುವಾಗಿ ಹೋಲ್ಕಂಗೆ ಯಾರೂ ಅಡ್ಡ ನಿಂತಿರಲಿಲ್ಲವೋ ಏನೋ. ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿ, ಮೈಗೆ ಶಾಕ್ ಕೊಡುವ ವಿದ್ಯುತ್ ಪಿಸ್ತೂಲು ಎಳೆದ. ಅದರ ಮುಳ್ಳುಗಳು ಲೂಷಿಯಸ್‌ನ ಎದೆಗೆ ನೆಟ್ಟವು. ಮೈಯೆಲ್ಲ ಕೊರಡಾಯಿತು. ಮುಷ್ಟಿ ಇದ್ದಲ್ಲೇ ಬಿಗಿದುಕೊಂಡಿತು. ಈಗ ಅವನು ಬೇಕೆಂದರೂ ಅದನ್ನು ಮುಂದೆ ತರುವಂತಿರಲಿಲ್ಲ. ಮೊದಲ ಲಾಠಿ ಕಿವಿಯ ಮೇಲೆ ಬಿತ್ತು. ಎರಡನೆಯದಕ್ಕೆ ಅವನು ಹಿಂದಕ್ಕೆ ವಾಲಿ ಗಾಜಿನ ಬಾಗಿಲನ್ನು ಒಡೆದುಕೊಂಡು ಚರ್ಚಿನೊಳಗೇ ಬಿದ್ದ.

ಪ್ರಾರ್ಥನೆ ನಿಂತಿತು. ಕಣ್ಣು ತೆರೆದವರು ನೋಡಿದ್ದು, ಗಾಜಿನ ಚೂರುಗಳ ಮೇಲೆ ಬೋರಲು ಕೆಡವಿದ್ದ ಲೂಷಿಯಸ್‌ನನ್ನು, ಅವನ ಬೆನ್ನ ಮೇಲೆ ಮಂಡಿಯೂರಿದ ಹೋಲ್ಕಂನನ್ನು. ಲಾಠಿ ಏಳುತ್ತಿತ್ತು, ಬೀಳುತ್ತಿತ್ತು. "ಎದುರಿಸ್ಬೇಡ! ಎದುರಿಸ್ಬೇಡ!" ಎಂದು ಹೋಲ್ಕಂ ಪ್ರತಿ ಏಟಿಗೂ ಕೂಗುತ್ತಿದ್ದ. ಕಳ್ಳನಿಗೊಂದು ಪಿಳ್ಳೆ ನೆವ, ಅಲ್ಲಿಯ ಪೊಲೀಸರಿಗೆ ಈ ಒಂದು ಕೂಗು. ಎದೆಯ ಮೇಲಿನ ಕ್ಯಾಮೆರಾಕ್ಕೆ ಕೇಳಿಸಬೇಕಲ್ಲ.

"ಕೈ ಖಾಲಿ ಇದೆ!" ವರ್ನೀಸ್ ಕಿರುಚುತ್ತ ಬಂದಳು. ದೇವರ ಮನೆಯೊಳಗೆ ಅವಳು ದನಿ ಎತ್ತಿದ್ದು ಅದೇ ಮೊದಲು. "ಅವನ ಕೈ ಖಾಲಿ ಇದೆ! ನನಗೆ ಕಾಣ್ತಿದೆ! ನಮಗೆಲ್ಲ ಕಾಣ್ತಿದೆ!"

ಎರಡನೆಯ ಪೊಲೀಸಿನವನು ಪಿಸ್ತೂಲನ್ನು ಅವಳ ಮುಖಕ್ಕೆ ಹಿಡಿದ. "ಹಿಂದೆ ಹೋಗು ಮುದುಕಿ. ಇನ್ನೊಂದು ಹೆಜ್ಜೆ ಇಟ್ರೆ ಸುಡ್ತೀನಿ."

ಹೋಲ್ಕಂ ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆಳೆದ. ಭುಜ ಕೀಲು ತಪ್ಪಿದ ಸದ್ದು ಮುಂದಿನ ಬೆಂಚಿನವರೆಗೂ ಕೇಳಿಸಿತು. ನೋವಿಗೆ ಲೂಷಿಯಸ್ ತಲೆ ಹೊರಳಿಸಿದ. ಹೊರಳಿಸಿದ್ದೇ ತಪ್ಪಾಯಿತು. ಲಾಠಿಯ ತುದಿ ನೇರ ಎಡಗಣ್ಣಿಗೆ ಇಳಿಯಿತು. ಬಿಳಿ ಕೈಗವಸು ಬಿಚ್ಚಿದರು. ಒಳಗೆ ಐದು ಬೆರಳಿದ್ದವು.

ಆ ಪ್ರಾರ್ಥನೆಗೆ ಆಮೆನ್ ಆಗಲೇ ಇಲ್ಲ.

ಆಸ್ಪತ್ರೆಯಲ್ಲಿ ಲೂಷಿಯಸ್‌ನ ಒಂದು ಕಾಲನ್ನು ಮಂಚಕ್ಕೆ ಕೋಳ ಹಾಕಿ ಕಟ್ಟಿದ್ದರು. ಕಣ್ಣು ಹೋಯಿತು ಎಂದು ಡಾಕ್ಟರು ಹೇಳಿದ ದಿನವೇ ಅವನ ಮೇಲೆ ಮೊಕದ್ದಮೆಯೂ ಬಿತ್ತು: ಪೊಲೀಸರ ಕೆಲಸಕ್ಕೆ ಅಡ್ಡಿ, ಬಂಧನಕ್ಕೆ ಪ್ರತಿರೋಧ, ಅಧಿಕಾರಿಯ ಮೇಲೆ ಹಲ್ಲೆ. ಹಲ್ಲೆಗೆ ಸಾಕ್ಷಿ ಹೋಲ್ಕಂನ ಬೆರಳ ಗೆಣ್ಣಿನ ಮೇಲೆ ಸುಲಿದ ಚರ್ಮ. ಹೊಡೆದೂ ಹೊಡೆದೂ ಪಾಪ, ಅವನ ಕೈಗೂ ನೋವಾಗಿತ್ತು.

"ಅಳಬೇಡ ಅಕ್ಕ," ಎಂದ ಲೂಷಿಯಸ್. "ನಿನ್ನ ನೋಡೋಕೆ ಒಂದು ಕಣ್ಣು ಸಾಕು. ಎರಡೂ ಇದ್ದಿದ್ದು ದಂಡ."

"ನಗಿಸ್ಬೇಡ, ಮುಚ್ಕೊಂಡು ಮಲಕ್ಕೋ," ಎಂದಳು ವರ್ನೀಸ್, ಮೂಗು ಒರೆಸಿಕೊಳ್ಳುತ್ತ.

ಸರಕಾರವೇ ಅವನಿಗೆ ನೇಮಿಸಿದ ವಕೀಲೆ ಅಡೇರ್ ಎಂಬವಳು ಒಂದು ಸುದ್ದಿ ತಂದಳು. ನೇರ ಮಾತಿನವಳು, ಸುತ್ತಿ ಬಳಸಲಿಲ್ಲ. "ಮಿಸ್ ವರ್ನೀಸ್, ಸರಕಾರದ ಕಡೆಯವರು ರಾಜಿಗೆ ಬಂದಿದಾರೆ. ಅಡ್ಡಿ ಮಾಡಿದ್ದು ನಿಜ ಅಂತ ಲೂಷಿಯಸ್ ಒಪ್ಕೋಬೇಕು. ಪೊಲೀಸರ ಮೇಲಾಗ್ಲಿ ಊರಿನ ಮೇಲಾಗ್ಲಿ ಎಂದೂ ದಾವೆ ಹಾಕಲ್ಲ ಅಂತ ಸಹಿ ಮಾಡ್ಬೇಕು. ಮಾಡಿದ್ರೆ ಇವತ್ತೇ ಕೋಳ ಬಿಚ್ತಾರೆ. ಇಲ್ಲಾಂದ್ರೆ ವಿಚಾರಣೆ. ಸೋತ್ರೆ ಆರು ವರ್ಷ ಜೈಲು."

"ಅವನು ಗೆಲ್ತಾನಾ?"

"ಪೊಲೀಸಿನವನು 'ಹೆದರಿದ್ದೆ' ಅಂದ್ರೆ ಜ್ಯೂರಿ ನಂಬುತ್ತೆ. ಇಲ್ಲಿ ಆ ಒಂದು ಮಾತಿಗೆ ಏಳು ಕೊಲೆ ಮಾಫಿ."

"ಸಹಿ ಹಾಕ್ತೀನಿ," ಎಂದ ಲೂಷಿಯಸ್. "ನನಗೆ ಸಾಕಾಗಿದೆ ಅಕ್ಕ. ಮನೆಗೆ ಹೋಗೋಣ."

ವರ್ನೀಸ್‌ಗೆ ಮೈಯೆಲ್ಲ ಉರಿಯಿತು. "ಏನಂತ ಸಹಿ ಹಾಕ್ತೀಯ? ದೇವರ ಬಾಗಿಲಲ್ಲಿ ನಿಂತಿದ್ದು ಅಪರಾಧ ಅಂತಲಾ? ಅಮ್ಮ ನಿಂತಿದ್ದ ಜಾಗ ಅದು. ಹಾಗಂತ ಬರೆದುಕೊಟ್ಟು, ಆಮೇಲೆ ಯಾವ ಮುಖ ಇಟ್ಕೊಂಡು ಆ ಬಾಗಿಲಿಗೆ ಬರ್ತೀಯ?"

ಲೂಷಿಯಸ್ ಚಾವಣಿ ಕಡೆ ತಿರುಗಿ, "ಸರಿ. ನೀನು ಹೇಳಿದ ಹಾಗೇ ಆಗ್ಲಿ," ಎಂದ. "ನಾನು ಯಾವತ್ತು ಇಲ್ಲ ಅಂದಿದೀನಿ?"

ಆ ಮಾತು ವರ್ನೀಸ್‌ಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಜೈಲೆಂದರೆ ಎಂಥ ಜಾಗವೆಂದು ಕೆಳಪೇಟೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಂದೇ ಕಣ್ಣಿನ, ದನಿಯೇ ಇಲ್ಲದ ಮನುಷ್ಯ ಅಲ್ಲಿ ಆರು ವರ್ಷ ಉಳಿದಾನೇ? ತನ್ನ ಹಟಕ್ಕೆ ತಮ್ಮನ ಪ್ರಾಣವನ್ನು ಪಣ ಇಡುತ್ತಿದ್ದೇನೆಯೇ? ಅವಳಿಗೆ ಭಯವಾಯಿತು. ಭಯವಾದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಅವಳಿಗೆ ಅದು ಬರುತ್ತಲೇ ಇರಲಿಲ್ಲ.

ಮೊಕದ್ದಮೆಯ ಹೆಸರು, ಆರ್ಕನ್ಸಾ ರಾಜ್ಯದ ಎದುರು ಲೂಷಿಯಸ್ ಟಿಲ್‌ಮನ್. ಇಡೀ ರಾಜ್ಯ ಒಂದು ಕಡೆ, ಬಸ್ಸು ರಿಪೇರಿಯವನು ಒಂದು ಕಡೆ. ಕೋರ್ಟಿನ ಬಾಗಿಲಲ್ಲಿ ವರ್ನೀಸ್‌ಳ ಕೈಚೀಲವನ್ನು ತಪಾಸಣೆ ಮಾಡಿದವನು ಕ್ಲೈಡ್. ಹಳೆಯ ಪೊಲೀಸಿನವನು, ನಿವೃತ್ತಿಯ ಮೇಲೆ ಕೋರ್ಟು ಕಾಯುತ್ತಿದ್ದ, ಅವಳದೇ ಬಣ್ಣದವನು. ಚರ್ಚಿನವರು ಶುಕ್ರವಾರ ಕರಿದ ಮೀನು ಮಾರಿದರೆ ಮೊದಲ ತಟ್ಟೆ ಅವನದೇ. ಚೀಲದಲ್ಲಿ ಕೈಗವಸು ನೋಡಿ, "ಇದೇನು ಸಿಸ್ಟರ್ ವರ್ನೀಸ್, ಇಲ್ಲೂ ಬಾಗಿಲು ಕಾಯ್ತೀರಾ? ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡಿ," ಎಂದು ನಕ್ಕ.

ಹೋಲ್ಕಂ ಸಾಕ್ಷಿ ಹೇಳಿದ ರೀತಿ ಬಲು ಚೆನ್ನಾಗಿತ್ತು. ಕೂದಲು ಬಾಚಿ, ಹೌದು ಮೇಡಂ, ಇಲ್ಲ ಮೇಡಂ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿದ. ಅವನ ಕ್ಯಾಮೆರಾ ಮೊದಲ ನೂಕಾಟದಲ್ಲೇ ಕಳಚಿ ಮೆಟ್ಟಿಲ ಮೇಲೆ ಬಿದ್ದು ಆಕಾಶ ನೋಡುತ್ತ ಮಲಗಿತ್ತು. ಚಿತ್ರದಲ್ಲಿ ನೀಲಿ ಬಿಟ್ಟರೆ ಏನೂ ಇಲ್ಲ, ದನಿ ಮಾತ್ರ ಸ್ವಚ್ಛ. "ಎದುರಿಸ್ಬೇಡ, ಎದುರಿಸ್ಬೇಡ." ಜ್ಯೂರಿಯ ಹನ್ನೆರಡು ಜನ ತಲೆ ತಗ್ಗಿಸಿ ಕೇಳಿದರು. "ಅವನ ಎಡಗೈ ನನಗೆ ಕಾಣ್ತಿರಲಿಲ್ಲ," ಎಂದ ಹೋಲ್ಕಂ. "ಅಷ್ಟೇ ವಿಷಯ. ಆ ಕೈ ಕಂಡಿದ್ರೆ ಏನೂ ಆಗ್ತಿರಲಿಲ್ಲ. ನನಗೂ ಹೆಂಡತಿ ಮಕ್ಕಳಿದಾರೆ." ಬೇಲಿಯೇ ಎದ್ದು ಹೊಲ ಮೇಯ್ದ ಮೇಲೂ ಬೇಲಿಗೆ ಹೆಂಡತಿ ಮಕ್ಕಳು ಇರುತ್ತಾರೆ, ನಿಜ.

ವರ್ನೀಸ್‌ಳ ಸರದಿ ಬಂತು. ಸರಕಾರದ ವಕೀಲ ಎದ್ದು ನಿಂತ.

"ನಿಮ್ಮ ತಮ್ಮ ಕೈ ಬಚ್ಚಿಟ್ಕೊಂಡಿದ್ರು, ಅಲ್ವಾ?"

"ಬಚ್ಚಿಟ್ಟಿರಲಿಲ್ಲ. ಚರ್ಚಲ್ಲಿದ್ದ ಅಷ್ಟು ಜನರ ಕಡೆಗೆ ಹಿಡಿದಿದ್ದ. ಕಣ್ಣು ಬಿಟ್ಟಿದ್ರೆ ಯಾರಿಗಾದ್ರೂ ಕಾಣ್ತಿತ್ತು."

"ಎದುರಿಗಿದ್ದ ಅಧಿಕಾರಿಗೆ ಕಾಣ್ತಿರಲಿಲ್ಲವಲ್ಲ. ಅವರ ಜಾಗದಲ್ಲಿ ನಿಂತು ನೋಡಿದ್ರೆ ಜ್ಯೂರಿಗೆ ಅರ್ಥ ಆಗುತ್ತೆ." ವಕೀಲನಿಗೆ ತನ್ನ ಜಾಣತನದ ಮೇಲೆ ಪ್ರೀತಿ ಉಕ್ಕಿತು. "ಕೆಳಗೆ ಬನ್ನಿ, ಮೇಡಂ. ನಿಮ್ಮ ತಮ್ಮ ಹೇಗೆ ನಿಂತಿದ್ರೋ ಹಾಗೆ ನಿಂತು ತೋರ್ಸಿ. ಆಫೀಸರ್ ಹೋಲ್ಕಂ, ನೀವು ಇಲ್ಲಿ. ಅವತ್ತು ಏನು ಹೇಳಿದ್ರೋ ಅದನ್ನೇ ಹೇಳಿ."

ಅಡೇರ್ ಆಕ್ಷೇಪಣೆಗೆ ಎದ್ದಳು. ವರ್ನೀಸ್ ಎರಡು ಬೆರಳು ಕೆಳಗೆ ಮಾಡಿ ಕೂರು ಎಂದು ಸನ್ನೆ ಮಾಡಿದಳು. ವಕೀಲೆ ಅದು ಹೇಗೋ ಕೂತೇಬಿಟ್ಟಳು. ನ್ಯಾಯಾಧೀಶೆಯೂ ಆಗಲಿ ಎಂದರು.

ವರ್ನೀಸ್ ಕೈಗವಸು ತೊಟ್ಟಳು. ಎಡಗೈ ಬೆನ್ನ ಹಿಂದೆ ಹೋಯಿತು. ಜ್ಯೂರಿಯವರು ಪಕ್ಕದಲ್ಲಿ ಕೂತಿದ್ದರು, ಅವಳ ಮುಂದೂ ಹಿಂದೂ ಅವರಿಗೆ ಕಾಣುತ್ತಿತ್ತು. ಅವಳ ಹಿಂದೆ ಗೋಡೆಗೊರಗಿ ಕ್ಲೈಡ್ ನಿಂತಿದ್ದ. ಎದುರಿಗೆ ಹೋಲ್ಕಂ, ಸೊಂಟದಲ್ಲಿ ಪಿಸ್ತೂಲು.

"ಕೈ ತೋರ್ಸಿ," ಎಂದ ಹೋಲ್ಕಂ. ಅರೆಮನಸ್ಸಿನ ದನಿ, ನಾಟಕಕ್ಕೆ ಹೆಸರು ಕೊಟ್ಟವನ ಹಾಗೆ.

ವರ್ನೀಸ್‌ಳ ಬಲ ಅಂಗೈ ಎದ್ದಿತು. "ಪ್ರಾರ್ಥನೆ ನಡೀತಿದೆ ಸಾಹೇಬ್ರೇ. ಆಮೆನ್ ಆಗ್ಲಿ."

"ಕೈ ತೋರ್ಸು." ಈ ಸಲ ದನಿ ಗಟ್ಟಿಯಾಗಿತ್ತು.

ಅಂಗೈ ಅಲುಗಲಿಲ್ಲ. ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು. ಒಳಗೊಳಗೇ ನಿಜವಾಗಿ ಪ್ರಾರ್ಥಿಸುತ್ತಿದ್ದಳು ಕೂಡ: ದೇವರೇ, ಇವನ ಒಳಗಿರೋದನ್ನ ಹೊರಗೆ ತೋರ್ಸು, ನನ್ನ ತಮ್ಮನ್ನ ನನಗೆ ಕೊಡು.

ಹೋಲ್ಕಂನ ಕತ್ತು ಕೆಂಪಾಯಿತು. "ಸಾಕು, ಆಫೀಸರ್," ಎಂದ ಸರಕಾರದ ವಕೀಲ, ಅಷ್ಟು ಹೊತ್ತಿಗೆ ಅವನಿಗೂ ಏನೋ ವಾಸನೆ ಬಡಿದಿತ್ತು. ಹೋಲ್ಕಂಗೆ ಅದು ಕೇಳಿಸಲಿಲ್ಲ. ಅವನ ಮುಂದೆ ಒಂದು ಬಿಳಿ ಅಂಗೈ, ಸರಿಯದ ಒಂದು ಕಪ್ಪು ಮುಖ. "ಕೈ ತೋರ್ಸೇ! ಎರಡೂ ಕೈ! ಈಗ್ಲೇ!" ಎಂದು ಅರಚಿದ. ಅವನ ಕೈ ಸೊಂಟಕ್ಕೆ ಹೋಯಿತು, ಪಿಸ್ತೂಲು ಅರ್ಧ ಹೊರಗೆ ಬಂತು.

ಆ ಅರಚನ್ನು ಕ್ಲೈಡ್‌ನ ಮೈ ವರ್ಷಗಟ್ಟಲೆ ಕೇಳಿತ್ತು. ತಲೆಗೆ ತಿಳಿಯುವ ಮೊದಲೇ ಮೈ ಎದ್ದಿತು. ಹಿಂದಿನಿಂದ ಬಂದು ವರ್ನೀಸ್‌ಳನ್ನು ಎತ್ತಿ ನೆಲಕ್ಕೆ ಬಡಿದ. ಎತ್ತಿದ್ದ ಬಲಗೈ ಅವಳ ಮೈಯಡಿ ಸಿಕ್ಕಿ ಮುರಿಯಿತು. ಹಲ್ಲೊಂದು ನೆಲದ ಮೇಲೆ ಜಾರಿ ಜ್ಯೂರಿಯವರ ಕಟಕಟೆಯವರೆಗೆ ಹೋಯಿತು. ಕ್ಲೈಡ್‌ನ ಮಂಡಿ ಅವಳ ಬೆನ್ನ ಮೇಲೆ, ಸರಿಯಾಗಿ ಆ ಬಿಳಿ ಮುಷ್ಟಿಯ ಪಕ್ಕದಲ್ಲಿ. "ಎದುರಿಸ್ಬೇಡ!" ಎಂದು ಕೂಗಿದ ಕ್ಲೈಡ್. "ಎದುರಿಸ್ಬೇಡ!"

ಮೇಜು ಹಾರಿ ಬಂದ ಲೂಷಿಯಸ್‌ನನ್ನು ಇಬ್ಬರು ಕಾವಲಿನವರು ಗೋಡೆಗೆ ಒತ್ತಿ ಹಿಡಿದು ಗಂಟಲಿಗೆ ಮೊಣಕೈ ಕೊಟ್ಟರು. ಅವನ ಜೀವನದಲ್ಲಿ ಮೊದಲ ಬಾರಿಗೆ ಅವನ ದನಿ ಕಟ್ಟಡವಿಡೀ ಕೇಳಿಸಿತು: "ಅಕ್ಕಾ!"

ನ್ಯಾಯಾಧೀಶೆ ಸುತ್ತಿಗೆ ಬಡಿದು ಬಡಿದು ಸದ್ದಡಗಿಸಿದರು. ಕ್ಲೈಡ್ ತನ್ನ ಮಂಡಿಯ ಕೆಳಗೆ ಯಾರಿದ್ದಾರೆಂದು ಆಗ ನೋಡಿದ. "ಸಿಸ್ಟರ್ ವರ್ನೀಸ್..."

"ಕ್ಲೈಡ್," ಎಂದಳು ಅವಳು, ರಕ್ತ ಉಗುಳಿ. ಮುಖ ನೆಲಕ್ಕೆ ಒತ್ತಿದ್ದರಿಂದ ಮಾತು ತೊದಲುತ್ತಿತ್ತು. "ನೀನು ನನ್ನ ಹಿಂದೆ ನಿಂತಿದ್ದೆ."

"ಹೌದು ಸಿಸ್ಟರ್."

"ನನ್ನ ಎಡಗೈ ಕಾಣ್ತಿತ್ತಾ?"

ಕ್ಲೈಡ್ ಆ ಮುಷ್ಟಿಯನ್ನು ನೋಡಿದ. ಅದಿನ್ನೂ ಬೆನ್ನ ಮೇಲೇ ಇತ್ತು. "ಕಾಣ್ತಿತ್ತು."

"ಖಾಲಿ ಇತ್ತಾ?"

"ಖಾಲಿ ಇತ್ತು." ಮುದುಕ ಅಳತೊಡಗಿದ. "ಪೂರ್ತಿ ಖಾಲಿ ಇತ್ತು, ಸಿಸ್ಟರ್. ಬೆಳಗ್ಗೆ ಚೀಲ ನೋಡಿದ್ದೂ ನಾನೇ."

ಹನ್ನೆರಡು ಜನರಲ್ಲಿ ಈಗ ಯಾರ ತಲೆಯೂ ತಗ್ಗಿರಲಿಲ್ಲ. ಕೈ ಕಂಡಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಹೇಳಿದವನು ಅವರೆದುರು ಪಿಸ್ತೂಲನ್ನು ಒಳಗೆ ತುರುಕುತ್ತಿದ್ದ. ಕೈ ಕಂಡವನು ಹೆಂಗಸಿನ ಮೂಳೆ ಮುರಿದು ಕೂತಿದ್ದ. ಸರಕಾರದ ವಕೀಲ ವಿಚಾರಣೆಯನ್ನೇ ರದ್ದು ಮಾಡಿ ಎಂದು ಬೇಡಿಕೊಂಡ. "ರಂಗ ಕಟ್ಟಿದವರು ನೀವು," ಎಂದರು ನ್ಯಾಯಾಧೀಶೆ. "ಆಟ ಕೆಟ್ಟಿತು ಅಂತ ಈಗ ದೀಪ ಆರಿಸೋಕೆ ನಾನು ಬಿಡಲ್ಲ."

ಮಧ್ಯಾಹ್ನದ ಊಟಕ್ಕೂ ಏಳದೆ ಜ್ಯೂರಿ ತೀರ್ಪು ಕೊಟ್ಟಿತು. ಲೂಷಿಯಸ್ ನಿರ್ದೋಷಿ. ಸುದ್ದಿ ಆಸ್ಪತ್ರೆಗೆ ಮುಟ್ಟಿದಾಗ ವರ್ನೀಸ್‌ಳ ಕೈಗೆ ಪಟ್ಟಿ ಹಾಕುತ್ತಿದ್ದರು. ಅವಳು ಗೋಡೆಗೆ ಮುಖ ತಿರುಗಿಸಿ ಮನಸಾರೆ ಅತ್ತಳು.

ಹೋಲ್ಕಂಗೆ ಏನಾಯಿತು ಎನ್ನುತ್ತೀರಾ? ಏನೂ ಆಗಲಿಲ್ಲ. ಇಲಾಖೆ ತನಿಖೆ ಮಾಡಿತು, ಕಲಿಸಿದಂತೆಯೇ ನಡೆದುಕೊಂಡಿದ್ದಾನೆ ಎಂದಿತು, ಅದು ಸುಳ್ಳಲ್ಲ. ಅದೇ ಕಾರು, ಅದೇ ಕೆಳಪೇಟೆ. ಅಡೇರ್ ಮುಂದೆ ಹಾಕಿದ ದಾವೆಯೂ ಬಿದ್ದುಹೋಯಿತು. ಬಾಗಿಲಲ್ಲಿ ಅಂಗೈ ಎತ್ತಿ ನಿಂತ ಚರ್ಚಿನ ಸೇವಕನನ್ನು ಹೊಡೆಯುವುದು ತಪ್ಪು ಎಂದು ಆ ಸೀಮೆಯ ಯಾವ ಕೋರ್ಟೂ ಹಿಂದೆ ಹೇಳಿರಲಿಲ್ಲವಂತೆ. ಹೇಳದಿದ್ದ ಮೇಲೆ ಆ ಬಡಪಾಯಿಗೆ ಹೇಗೆ ಗೊತ್ತಾಗಬೇಕು? ಕಾನೂನು ಓದಿದವರು ಇದನ್ನು ನಗದೆ ಹೇಳುತ್ತಾರೆ. ಅದೆಲ್ಲ ಬಹಳ ತಡವಾಗಿ ಬಂದ ಸುದ್ದಿ.

ತೀರ್ಪಾದ ಮರು ಭಾನುವಾರ ಚರ್ಚಿನ ಬಾಗಿಲಿಗೆ ಹೊಸ ಗಾಜು ಹಾಕಿದ್ದರು. ಲೂಷಿಯಸ್ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ, ಸೂಟು ಇಸ್ತ್ರಿ ಮಾಡಿಸಿ ಬಂದ. ಜನ ಅಪ್ಪಿಕೊಂಡರು, ಹೆಂಗಸರು ಕೆನ್ನೆ ಸವರಿದರು. ಪಾದ್ರಿಗಳು ಅವತ್ತು ತುಂಡಾದ ಪ್ರಾರ್ಥನೆಯನ್ನೇ ಮತ್ತೆ ಮೊದಲಿಂದ ಶುರುಮಾಡಿದರು. ಲೂಷಿಯಸ್ ಹೊರಗೆ ಹೋಗಿ ತನ್ನ ಜಾಗದಲ್ಲಿ ನಿಂತ. ಎಲ್ಲರೂ ಕಣ್ಣು ಮುಚ್ಚಿದರು. ವರ್ನೀಸ್ ಮುಚ್ಚಲಿಲ್ಲ.

ಗಾಜಿನಾಚೆ ತಮ್ಮನ ಬೆನ್ನು ಕಂಡಿತು. ಬೆನ್ನ ಮೇಲೆ ಮುಷ್ಟಿ ಇರಲಿಲ್ಲ.

ಎರಡೂ ಕೈಯನ್ನು ಅವನು ಮುಂದೆ ಚಾಚಿ, ಬೆರಳುಗಳನ್ನು ಅಗಲಿಸಿ ಹಿಡಿದಿದ್ದ. ಭುಜ ವಾಸಿಯಾಗಿತ್ತು, ಕೈ ಹಿಂದೆ ಹೋಗಬಲ್ಲದು ಎಂದು ಡಾಕ್ಟರು ಹೇಳಿದ್ದರು. ಹೋಗುತ್ತಿರಲಿಲ್ಲ, ಅಷ್ಟೇ. ರಸ್ತೆಯಲ್ಲಿ ಪೊಲೀಸ್ ಕಾರೊಂದು ನಡೆಯುವವರ ವೇಗಕ್ಕೆ ಇಳಿದು, ಚರ್ಚಿನೆದುರು ನಿಂತಿತು. ಕಿಟಕಿ ಕೆಳಗಿಳಿಯಿತು. ಒಳಗಿದ್ದವನು ಹೋಲ್ಕಂ.

ವರ್ನೀಸ್ ಭುಜದಿಂದ ಬಾಗಿಲು ತಳ್ಳಿ ಹೊರಗೆ ಬಂದಳು. ಬಾಯಿಗೆ ಬಂದ ಮಾತು, ಕೈ ಹಿಂದೆ ಕಟ್ಟೋ, ಎಂದು. ಹಾಲುಹಲ್ಲಿನ ಹುಡುಗನಿಗೆ ಹೇಳುತ್ತಿದ್ದ ಮಾತೇ. ಅವನ ಅಗಲಿಸಿದ ಬೆರಳುಗಳನ್ನು ನೋಡಿದಳು. ಮಾತು ನುಂಗಿಕೊಂಡಳು. ಅವಳ ಬಲಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ನೇತಾಡುತ್ತಿತ್ತು. ಎಡಗೈಯನ್ನು ತನ್ನ ಬೆನ್ನಿನಿಂದ ತೆಗೆದಳು. ಪ್ರಾರ್ಥನೆಯ ಮಧ್ಯೆ ಹಾಗೆ ತೆಗೆಯುವುದು ತಪ್ಪು. ಯಾರಾದರೂ ತೆಗೆದಿದ್ದರೆ ಅವಳೇ ಬೈಯುತ್ತಿದ್ದಳು. ಮುಷ್ಟಿ ಕಟ್ಟಿ ತಮ್ಮನ ಬೆನ್ನಿಗೆ, ಸೊಂಟದ ಮೇಲೆ, ಅವನ ಕೈ ಇರುತ್ತಿದ್ದ ಜಾಗಕ್ಕೆ ಒತ್ತಿದಳು.

"ಅಕ್ಕ," ಎಂದ ಲೂಷಿಯಸ್, ತಿರುಗದೆ. "ಕಾರು ನಿಂತಿದೆ."

"ನಿಂತಿರ್ಲಿ. ಒಳಗೆ ಪ್ರಾರ್ಥನೆ ನಡೀತಿದೆ."

ಅವನ ಎಡಗೈ ಮುಂದೆಯೇ ಉಳಿಯಿತು. ಬಲಗೈ ಮಾತ್ರ ನಿಧಾನವಾಗಿ ಮೇಲೆದ್ದು, ರಸ್ತೆಯ ಕಡೆಗೆ ಅಂಗೈಯಾಗಿ ನಿಂತಿತು. ಕಾರಿನ ಎಂಜಿನ್ ಗುರುಗುಡುತ್ತಿತ್ತು. ಅವನ ಬೆನ್ನು ನಡುಗುವುದು ವರ್ನೀಸ್‌ಳ ಮುಷ್ಟಿಗೆ ತಿಳಿಯುತ್ತಿತ್ತು. ಒಳಗೆ ಪಾದ್ರಿಗಳು ಆಮೆನ್ ಎನ್ನುವವರೆಗೆ ಅವಳು ಕೈ ತೆಗೆಯಲಿಲ್ಲ.